ನಾರ್ಫೋಕ್‌ನ ಕೋಕ್: ‘ರೈತರ ಗೆಳೆಯ’ ಅನ್ನುವ ಹೆಸರು ಅವರಿಗೆ ಸಲ್ಲುತ್ತದೆಯೇ?

ಪರ

ಜಮೀನ್ದಾರ ಅಂದ ಕೂಡಲೇ ಗೇಣಿ ವಸೂಲಿ ಮಾಡಿ ಲಂಡನ್ನಿನಲ್ಲಿ ಮಜಾ ಮಾಡುವವನು ಕಣ್ಣ ಮುಂದೆ ಬರುತ್ತಾನೆ. ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯ (ಜಿಲ್ಲೆಯಂಥ ಪ್ರದೇಶ) ಜಮೀನ್ದಾರ ಥಾಮಸ್ ವಿಲಿಯಂ ಕೋಕ್ ಹಾಗಿರಲಿಲ್ಲ. 1776ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ ಇನ್ನೂ 22 ತುಂಬಿರಲಿಲ್ಲ. ಹೋಲ್ಕಮ್ ಊರಿನ ಬಂಗಲೆ, ಸುಮಾರು 30,000 ಎಕರೆ ಜಮೀನು ಕೈಗೆ ಬಂತು. ಅದೇ ವರ್ಷ ನಾರ್ಫೋಕ್‌ನಿಂದ ಸಂಸತ್ತಿಗೂ ಹೋದರು.

ಅಲ್ಲಿಯದು ಹೆಚ್ಚಾಗಿ ಮರಳು ಮಿಶ್ರಿತ ಹಗುರ ನೆಲ. ಗೋಧಿ ಮೇಲೆ ಗೋಧಿ ಬಿತ್ತಿದರೆ ಸೋತುಹೋಗುತ್ತದೆ. ಅದಕ್ಕೇ ಗೋಧಿ, ಟರ್ನಿಪ್ ಗೆಡ್ಡೆ, ಬಾರ್ಲಿ, ಕ್ಲೋವರ್ ಎಂಬ ಮೇವಿನ ಬೆಳೆ ಹೀಗೆ ವರ್ಷಕ್ಕೊಂದರಂತೆ ಸರದಿ. ಚಳಿಗಾಲದಲ್ಲಿ ಟರ್ನಿಪ್ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಕುರಿಗೆ ಹೊಟ್ಟೆ ತುಂಬಿತು, ಹೊಲಕ್ಕೆ ಹಿಕ್ಕೆ ಬಿತ್ತು. ಕ್ಲೋವರ್ ಬೇರು ನೆಲಕ್ಕೆ ಸಾರಜನಕ ಸೇರಿಸುತ್ತಿತ್ತು. ಅಡಿಯಿಂದ ಸುಣ್ಣದಂಶದ ಜೇಡಿಮಣ್ಣು ಅಗೆದು ಮೇಲೆ ಹರಡುತ್ತಿದ್ದರು. ಇದರ ಫಲ ಒಂದೇ ವರ್ಷಕ್ಕೆ ಸಿಗುವುದಿಲ್ಲ. ನಾಳೆ ಜಮೀನು ಬಿಡಿಸಿಬಿಡುತ್ತಾರೆ ಅನ್ನುವ ಭಯ ಇದ್ದರೆ ಯಾವ ಗೇಣಿದಾರ ಅಷ್ಟು ಬೆವರು ಸುರಿಸುತ್ತಾನೆ? ಕೋಕ್ 21 ವರ್ಷದ ಗೇಣಿ ಕರಾರು ಕೊಟ್ಟರು. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಇದೇ.

ಹೋಲ್ಕಮ್‌ನಲ್ಲಿ ಕುರಿ ಉಣ್ಣೆ ಕತ್ತರಿಸುವ ಹೊತ್ತಿಗೆ ಪ್ರತಿವರ್ಷ ದೊಡ್ಡ ಜಾತ್ರೆಯೇ ನಡೆಯುತ್ತಿತ್ತು. 1821ರವರೆಗೂ ನಡೆಯಿತು. ದೂರದಿಂದ ಬಂದವರು ಸೌತ್‌ಡೌನ್ ತಳಿಯ ಕುರಿ ನೋಡಿ, ಹೊಲ ಸುತ್ತಿ, ವಾದ ಮಾಡಿ ಹೋಗುತ್ತಿದ್ದರು. ಸಂಸತ್ತಿನಲ್ಲೂ ಕೋಕ್ ಅಮೆರಿಕದ ಮೇಲಿನ ಯುದ್ಧವನ್ನು ವಿರೋಧಿಸಿದರು, ಮತದಾನದ ಸುಧಾರಣೆ ಬೇಕು ಎಂದರು. 1842ರಲ್ಲಿ ಅವರು ತೀರಿಕೊಂಡ ಮೇಲೆ ಜನ ಚಂದಾ ಎತ್ತಿ, ಹೋಲ್ಕಮ್‌ನಲ್ಲಿ ಸುಮಾರು 120 ಅಡಿಯ ಕಂಬ ನಿಲ್ಲಿಸಿದರು. ಅದರ ಬುಡದಲ್ಲಿ ಎತ್ತು, ಕುರಿ, ನೇಗಿಲು, ಕೂರಿಗೆ ಇವೆ.

ವಿರೋಧ

ಕಂಬ ಸುಂದರವಾಗಿದೆ, ನಿಜ. ಆದರೆ ಹೊಗಳಿಕೆ ಜಾಸ್ತಿ ಆಯಿತು. ಕೋಕ್ ಬರುವ ಮೊದಲು ಆ ಕಡೆ ಗೋಧಿಯೇ ಬೆಳೆಯುತ್ತಿರಲಿಲ್ಲ ಎಂಬ ಕಥೆಯೂ ಹುಟ್ಟಿಕೊಂಡಿತ್ತು. ಅದು ಸುಳ್ಳು. ಕೋಕ್ ಹುಟ್ಟಿದ್ದು 1754ರಲ್ಲಿ. ಅದೇ ನಾರ್ಫೋಕ್‌ನ ಚಾರ್ಲ್ಸ್ ಟೌನ್‌ಶೆಂಡ್ 1730ರಲ್ಲೇ ಮಂತ್ರಿಗಿರಿ ಬಿಟ್ಟು ಊರಿಗೆ ಬಂದು, ‘ಟರ್ನಿಪ್ ಟೌನ್‌ಶೆಂಡ್’ ಅಂತ ಹೆಸರಾಗಿದ್ದರು. ಅವರಿಗೂ ಮುಂಚೆ ಹೆಸರಿಲ್ಲದ ರೈತರು ಟರ್ನಿಪ್, ಕ್ಲೋವರ್ ಹಾಕುತ್ತಿದ್ದರು. ದೀರ್ಘ ಕರಾರು ಕೂಡ ಕೋಕ್ ಕಂಡುಹಿಡಿದದ್ದಲ್ಲ. ಗೇಣಿ ಆದಾಯ ಏರಿದ್ದಕ್ಕೆ ಒಳ್ಳೆಯ ಬೇಸಾಯವಷ್ಟೇ ಅಲ್ಲ, ಫ್ರಾನ್ಸ್ ಜತೆಗಿನ ಯುದ್ಧದಿಂದ ಧಾನ್ಯದ ಬೆಲೆ ಏರಿದ್ದೂ ಕಾರಣ.

ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ. ಅವರು ಯಾವ ರೈತರ ಗೆಳೆಯ? ನೂರಾರು ಎಕರೆ ಗೇಣಿಗೆ ಹಿಡಿಯಬಲ್ಲ, ಕೈಯಲ್ಲಿ ಬಂಡವಾಳ ಇರುವ ರೈತರ ಗೆಳೆಯ. ಆ ಜೇಡಿಮಣ್ಣು ಅಗೆದವರು, ಚಳಿಯಲ್ಲಿ ಟರ್ನಿಪ್ ಕಿತ್ತವರು ಕೂಲಿಯವರು. ಕೌಂಟಿಯಲ್ಲಿ ವೋಟು ಹಾಕಲು ವರ್ಷಕ್ಕೆ 40 ಶಿಲ್ಲಿಂಗ್ (ಆಗಿನ ಬ್ರಿಟಿಷ್ ನಾಣ್ಯ) ಆದಾಯ ತರುವ ಸ್ವಂತ ಆಸ್ತಿ ಬೇಕಿತ್ತು. ಕೋಕ್ ಸುಮಾರು 50 ವರ್ಷ ಸಂಸದರಾಗಿದ್ದರು, ಅಷ್ಟೂ ಕಾಲ ಆ ಕೂಲಿಯವರಿಗೆ ವೋಟಿರಲಿಲ್ಲ.

1815ರಲ್ಲಿ ಧಾನ್ಯ ಕಾಯ್ದೆ ಬಂತು. ಒಂದು ಕ್ವಾರ್ಟರ್ (ಆಗಿನ ಧಾನ್ಯದ ಅಳತೆ) ಗೋಧಿಯ ಬೆಲೆ 80 ಶಿಲ್ಲಿಂಗ್ ಮುಟ್ಟುವ ತನಕ ಹೊರದೇಶದ ಗೋಧಿ ಮಾರುವಂತಿಲ್ಲ. ಬೆಳೆಯುವವನಿಗೆ ಲಾಭ, ಬ್ರೆಡ್ ಕೊಳ್ಳುವವನಿಗೆ ಬರೆ. ಕೋಕ್ ಇದರ ಪರ ನಿಂತರು. ನಾರ್ಫೋಕ್‌ನ ನಾರ್ವಿಚ್ ಪಟ್ಟಣದಲ್ಲಿ ಜನ ಅವರ ಮೇಲೆಯೇ ತಿರುಗಿಬಿದ್ದರು.

1830ರ ಚಳಿಗಾಲದಲ್ಲಿ ನಾರ್ಫೋಕ್‌ನ ಕೂಲಿಗಾರರು ಒಕ್ಕಣೆ ಯಂತ್ರಗಳನ್ನು ಒಡೆದುಹಾಕಿದರು. ಚಳಿಗಾಲದಲ್ಲಿ ಬಡಿದು ಕಾಳು ಬಿಡಿಸುವ ಕೆಲಸವೊಂದೇ ಅವರ ಒಲೆ ಉರಿಸುತ್ತಿತ್ತು, ಅದನ್ನೂ ಯಂತ್ರ ಕಿತ್ತುಕೊಂಡಿತ್ತು. ಆಗ ಆ ಕೌಂಟಿಯ ಸಂಸದರಲ್ಲಿ ಒಬ್ಬರು ಇದೇ ಕೋಕ್.