ಮೂರನೆಯ ಮುಖ

ತುಮಕೂರಿನ ಈಗಿನ ಲಗ್ನಪತ್ರಿಕೆಗಳ ಮೇಲೆ ನನಗೆ ಸಿಟ್ಟು. ಮದುವೆಯ ಮೇಲಲ್ಲ, ಕಾಗದದ ಮೇಲೆ. ಕಾಗದ ಮಡಿಸಿ ಆಟಿಕೆ ಮಾಡುವುದು ನನ್ನ ಹವ್ಯಾಸ. ಹೊಳಪು ಬಳಿದ ದಪ್ಪ ರಟ್ಟು. ಮಡಿಸಿದರೆ ಗೆರೆಯುದ್ದಕ್ಕೂ ಬಿರಿದು ಬೆಳ್ಳಗಾಗುತ್ತದೆ. ಹಿಂದಿನ ತೆಳು ಪತ್ರಿಕೆಗಳಿಂದ ಮೂವತ್ತು ಚೌಕ ಕತ್ತರಿಸಿಕೊಂಡರೆ, ಅಂಟಿನ ಹಂಗಿಲ್ಲದೆ ಒಂದಕ್ಕೊಂದು ಸಿಕ್ಕಿಸಿ ಸೊನೊಬೆ ಎಂಬ ಜಪಾನಿ ಮಡಿಕೆಯ ಚೆಂಡು ಕಟ್ಟಬಹುದಿತ್ತು. ಹೆಚ್ಚು ಖರ್ಚು ಮಾಡಿದಷ್ಟೂ ಕಾಗದ ಕೆಲಸಕ್ಕೆ ಬಾರದಂತಾಗುವುದು ಯಾವ ನ್ಯಾಯ?

ಸದ್ಯ ನನ್ನ ಕೈ ಹಿಡಿದಿರುವುದು ಕರೆಂಟ್ ಬಿಲ್ಲು. ಉದ್ದನೆಯ ಪಟ್ಟಿ. ಪಟ್ಟಿ ಎಂದಕೂಡಲೇ ಆರ್ಥರ್ ಸ್ಟೋನ್ ನೆನಪಾಗುತ್ತಾನೆ. 1939ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಂಗ್ಲಿಷ್ ಹುಡುಗ. ಅಮೆರಿಕದ ಹಾಳೆ ಅವನ ಊರಿನ ಫೈಲಿಗಿಂತ ಅಗಲ. ಅಂಚು ಕತ್ತರಿಸಿದ, ಉಳಿದ ಪಟ್ಟಿಗಳನ್ನು ಸುಮ್ಮನೆ ಮಡಿಸುತ್ತ ಕೂತ. ಹಿಂದು ಮುಂದು ಎರಡೇ ಮುಖ ಇರಬೇಕಾದ ಷಟ್ಕೋನದಲ್ಲಿ ಮೂರನೆಯದೊಂದು ಹೊರಬಿತ್ತು! ಗೆಳೆಯರು ಸೇರಿ ಫ್ಲೆಕ್ಸಗಾನ್ ಎಂಬ ಈ ಆಟಿಕೆಗೊಂದು ಸಮಿತಿಯನ್ನೇ ಮಾಡಿಕೊಂಡರು. ಅದರಲ್ಲಿ ಮುಂದೆ ನೊಬೆಲ್ ಪಡೆದ ರಿಚರ್ಡ್ ಫೈನ್‌ಮನ್ ಇದ್ದ. ಗಣಿತಜ್ಞ ಜಾನ್ ಟ್ಯೂಕಿಯೂ ಇದ್ದ. ಅಡಗಿದ ಮುಖಗಳನ್ನೆಲ್ಲ ಹೊರಗೆಳೆಯುವ ಕ್ರಮ ಕಂಡುಕೊಂಡವನು ಇದೇ ಗುಂಪಿನ ಬ್ರಯಂಟ್ ಟಕರ್‌ಮನ್. ಫೈಲು ಸರಿಯಾದ ಅಳತೆಯದಾಗಿದ್ದರೆ ಇವರೆಲ್ಲ ತೆಪ್ಪಗೆ ಪಾಠ ಓದಿಕೊಂಡಿರುತ್ತಿದ್ದರು.

ನಾನೂ ಬಿಲ್ಲನ್ನು ಉದ್ದಕ್ಕೆ ಸೀಳಿ ಹತ್ತು ಸಮಬಾಹು ತ್ರಿಕೋನ ಮಡಿಸುತ್ತೇನೆ. ಮೊದಲ ಅರವತ್ತು ಡಿಗ್ರಿಯ ಮಡಿಕೆ ಸರಿಬಿದ್ದರೆ, ಹಿಂದೆಮುಂದೆ ಮಡಿಸುತ್ತ ಹೋದಂತೆ ಉಳಿದವು ತಾವಾಗಿಯೇ ಕೂಡುತ್ತವೆ. ಪಟ್ಟಿಯನ್ನು ಷಟ್ಕೋನವಾಗುವಂತೆ ಮಡಿಸಿ, ಕೊನೆಯ ತ್ರಿಕೋನವನ್ನು ಮೊದಲನೆಯದಕ್ಕೆ ಅಂಟಿಸಬೇಕು. ಪಕ್ಕದ ಎರಡು ತ್ರಿಕೋನಗಳನ್ನು ಚಿವುಟಿ ಹಿಡಿದು ಎದುರಿನ ಮೂಲೆಯನ್ನು ಒಳಕ್ಕೆ ಒತ್ತಿದರೆ ನಡುವೆ ಹೂವಿನಂತೆ ಬಿಚ್ಚಿಕೊಳ್ಳುತ್ತದೆ. ಮೊದಲ ಮುಖದಲ್ಲಿ ನಾನು ಹೊಸೆದ ಒಗಟು, ಎರಡನೆಯದರಲ್ಲಿ ಸುಳಿವು, ಮೂರನೆಯದರಲ್ಲಿ ಉತ್ತರ. ಒಗಟು ಬಿಡಿಸುವುದಕ್ಕಿಂತ ಹೊಸೆಯುವುದೇ ಕಷ್ಟ. ಉತ್ತರ ಒಂದೇ ಇರಬೇಕು, ಸುಳಿವು ಸತ್ಯವಾಗಿದ್ದೂ ದಾರಿ ತಪ್ಪಿಸಬೇಕು.

ಈ ಹವ್ಯಾಸದಿಂದ ಏನು ಸಿಗುತ್ತದೆ ಎಂದು ಬರೆಯಲು ಕೂತವನು ನಾನು. ಆ ಪ್ರಶ್ನೆ ನನ್ನದಲ್ಲ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ನಮ್ಮ ಭಾವನದು. ಕಳೆದ ಸಲ ಬಂದಾಗ ಷಟ್ಕೋನವನ್ನು ಹಿಂದುಮುಂದು ತಿರುಗಿಸಿ, "ಉತ್ತರ ಎಲ್ಲಯ್ಯಾ?" ಎಂದರು.

"ಒಳಗಿದೆ ಭಾವ, ಚಿವುಟಿ ನೋಡಿ."

"ಅಷ್ಟೆಲ್ಲ ಯಾರಿಗೆ ಪುರಸೊತ್ತು? ನೀನೇ ಹೇಳಿಬಿಡು." ಹೇಳಲಿಲ್ಲ. ಅಂಟು ಬಿಡಿಸಿ, ಪಟ್ಟಿ ಎಳೆದು ಓದಿಕೊಂಡರು. "ಇಷ್ಟೇನಾ!" ಎಂದು ಅದರಲ್ಲೇ ಕಾಫಿ ಲೋಟದ ತಳ ಒರೆಸಿದರು.

ಈಗ ಆರು ಮುಖದ್ದೊಂದು ಮಾಡುತ್ತಿದ್ದೇನೆ. ಹತ್ತೊಂಬತ್ತು ತ್ರಿಕೋನಗಳ ಪಟ್ಟಿ ಬೇಕು. ಭಾವ ಬರುವ ದಿನ ಅದು ಬೀರುವಿನಲ್ಲಿರುತ್ತದೆ, ಬೀಗದ ಕೈ ನನ್ನ ಜೇಬಿನಲ್ಲಿ.