ಲೇಬಲ್ ಸರಿ ಇದೆ ಸಾರ್, ನಾಣ್ಯದ್ದೇ ತಪ್ಪು

ನಾಣ್ಯ ಕೂಡಿಸುವ ಹುಚ್ಚಿನವರಲ್ಲಿ ಒಂದು ಮಾತಿದೆ: ನಾಣ್ಯ ಕೊಳ್ಳಿ, ಡಬ್ಬಿ ಕೊಳ್ಳಬೇಡಿ. ಈ ಬುದ್ಧಿಮಾತನ್ನು ನಾನು ಕಡಿಮೆಯೆಂದರೂ ಹತ್ತು ಜನಕ್ಕೆ ಹೇಳಿದ್ದೇನೆ. ಹೇಳಿದ ಮೇಲೆ ಹೋಗಿ ಡಬ್ಬಿ ಕೊಂಡಿದ್ದೇನೆ.

ಡಬ್ಬಿ ಅಂದರೆ ಸ್ಲ್ಯಾಬ್. ಗ್ರೇಡಿಂಗ್ ಸಂಸ್ಥೆಗೆ ನಾಣ್ಯ ಕಳಿಸಿದರೆ ಅಸಲಿಯೋ ನಕಲಿಯೋ ನೋಡಿ, 1ರಿಂದ 70ರ ಒಳಗೆ ಒಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡಿ, ಲೇಬಲ್ ಹಾಕಿ ಕಳಿಸುತ್ತಾರೆ. 100 ಬಿಟ್ಟು 70 ಯಾಕೆ? 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗೆಂದು ಹಾಕಿಕೊಂಡ ಲೆಕ್ಕ ಅದು. ಈಗ ಬೇರೆ ನಾಣ್ಯಗಳ ಹಣೆಗೂ ಅದನ್ನೇ ಬರೆಯುತ್ತಾರೆ. 63ಕ್ಕೂ 64ಕ್ಕೂ ಇರುವ ವ್ಯತ್ಯಾಸ ಹಿಡಿಯುವ ಕಣ್ಣುಗಳು ಅಲ್ಲಿರುತ್ತವೆ. ಆ ಕಣ್ಣುಗಳ ಪಕ್ಕದಲ್ಲೇ ಲೇಬಲ್ ಟೈಪ್ ಮಾಡುವ ಬೆರಳುಗಳೂ ಇರುತ್ತವೆ. ನನ್ನ ಕಥೆ ಬೆರಳುಗಳದ್ದು.

ನಾನು ಆನ್‌ಲೈನ್‌ನಲ್ಲಿ ಕೊಂಡದ್ದು 1881ರ ಮಾರ್ಗನ್ ಡಾಲರ್, ಅಮೆರಿಕದ ಹಳೆಯ ಬೆಳ್ಳಿ ನಾಣ್ಯ. ಲೇಬಲ್ ಮೇಲೆ ಸಿಸಿ, ಅಂದರೆ ಕಾರ್ಸನ್ ಸಿಟಿ ಟಂಕಸಾಲೆ. ಆ ವರ್ಷ ಅಲ್ಲಿ ಹೊಡೆದದ್ದು ಬರೀ 2,96,000 ಡಾಲರ್. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ ಹೊಡೆದದ್ದು 1,27,60,000. ಅದರ ಗುರುತು ಎಸ್. ಯಾವುದು ಎಲ್ಲಿಯದು ಅಂತ ಹೇಳುವುದು ನಾಣ್ಯದ ಹಿಂಭಾಗದಲ್ಲಿ, ಎಲೆಯ ಹಾರದ ಗಂಟಿನ ಕೆಳಗಿರುವ ಸಾಸಿವೆ ಗಾತ್ರದ ಅಕ್ಷರ. ಮಾರುವವನು ಹಾಕಿದ್ದು ಮುಂಭಾಗದ ಫೋಟೋ ಮಾತ್ರ. ಅದರಲ್ಲೂ ಕಾಲುಭಾಗ ಅವನ ಹೆಬ್ಬೆರಳು.

ಸ್ಲ್ಯಾಬ್ ಬಂತು. ಮೂರು ವಾರ ನಾನು ಬಂದವರಿಗೆಲ್ಲ ತೋರಿಸಿದೆ. ತೋರಿಸಿದ್ದು ಲೇಬಲ್ಲನ್ನೇ. ಕೊನೆಗೊಂದು ದಿನ ನಾಣ್ಯದ ಗಂಧಗಾಳಿ ಇಲ್ಲದ ಒಬ್ಬ ಹುಡುಗ ಅದನ್ನು ಮಗುಚಿ ನೋಡಿ, "ಇಲ್ಲಿ ಎಸ್ ಅಂತಿದೆಯಲ್ಲ" ಅಂದ. ಲೆನ್ಸ್ ಹಿಡಿದೆ. ಎಸ್. ಬೆಳಕು ಬದಲಿಸಿದೆ. ಎಸ್ಸೇ. ಇದೇ ಮೊದಲ ಸಲ ನಾನು ಆ ನಾಣ್ಯದ ಬೆನ್ನು ನೋಡಿದ್ದು.

ಮಾರಿದವನಿಗೆ ಬರೆದೆ. ಅವನ ಉತ್ತರವನ್ನು ಫ್ರೇಮ್ ಹಾಕಿಸಬೇಕು: "ಲೇಬಲ್ ಸರಿ ಇದೆ ಸಾರ್, ನಾಣ್ಯದಲ್ಲೇ ಏನೋ ತಪ್ಪಾಗಿರಬೇಕು." ಜೊತೆಗೆ, ವಾಪಸ್ ಮಾಡುವ ಗಡುವು ಹದಿನಾಲ್ಕು ದಿನ, ಮುಗಿದಿದೆ. ನಾನು ಲೇಬಲ್ ಓದಿ ಹಿಗ್ಗುತ್ತಿದ್ದ ದಿನಗಳಲ್ಲೇ ಮುಗಿದಿತ್ತು.

ಇಂಥ ಲೇಬಲ್ ತಪ್ಪಿಗೆ ಈ ಹವ್ಯಾಸದವರು ಇಟ್ಟ ಹೆಸರು 'ಮೆಕ್ಯಾನಿಕಲ್ ಎರರ್'. ಪಾಪ ಯಂತ್ರ! ತಪ್ಪು ಟೈಪ್ ಮಾಡಿದ್ದು ಮನುಷ್ಯ, ಬೈಸಿಕೊಳ್ಳುವುದು ಅದು. ಇನ್ನೊಂದು ತಮಾಷೆಯಿದೆ. ಗ್ರೇಡ್ ತಪ್ಪಾದರೆ ಗ್ಯಾರಂಟಿ ಇರುತ್ತದೆ. ಆದರೆ ಕಣ್ಣಿಗೆ ಕಾಣುವಂಥ ಬರವಣಿಗೆ ತಪ್ಪನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿರುತ್ತಾರೆ. ನಾಣ್ಯ ನೋಡಿದ್ದರೆ ನಿಮಗೇ ಗೊತ್ತಾಗುತ್ತಿತ್ತು ಅಲ್ವಾ, ಅನ್ನುವುದು ಅವರ ವಾದ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೂ ಸಂಸ್ಥೆಯವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಾವಿರಗಟ್ಟಲೆ ನಾಣ್ಯಗಳ ನಡುವೆ ಒಂದು ಅಕ್ಷರ ಜಾರುವುದು ಇದ್ದದ್ದೇ. ಮಾರುವವರ ಕಲ್ಪನಾಶಕ್ತಿಯ ಮುಂದೆ ಅದು ಏನೇನೂ ಅಲ್ಲ. ಮರಿಯಾ ತೆರೇಸಾ ಥಾಲರ್ ಗೊತ್ತಲ್ಲ, ಆಸ್ಟ್ರಿಯಾದ ಬೆಳ್ಳಿ ನಾಣ್ಯ? ರಾಣಿ ತೀರಿಕೊಂಡದ್ದು 1780ರಲ್ಲಿ. ಆಮೇಲೆ ಯಾವ ವರ್ಷ ಹೊಡೆದರೂ ಅದರ ಮೇಲೆ 1780 ಅಂತಲೇ ಇರುತ್ತದೆ. ಹಾಗಾಗಿ ಮೊನ್ನೆ ಮೊನ್ನೆ ಹೊಡೆದ ಫಳಫಳ ಹೊಳೆಯುವ ಥಾಲರ್ ಕೂಡ ಮಾರಾಟಕ್ಕೆ ಬಂದಾಗ 'ಇನ್ನೂರು ವರ್ಷ ದಾಟಿದ ಪ್ರಾಚೀನ ನಾಣ್ಯ'. ಒಬ್ಬ ಇನ್ನೂ ಮುಂದೆ ಹೋಗಿದ್ದ. ರಾಣಿಯ ಎದೆಯ ಕೆಳಗೆ ಎಸ್ ಎಫ್ ಎಂಬ ಅಕ್ಷರಗಳಿವೆ. ಅವು ಶೋಬ್ಲ್ ಮತ್ತು ಫಾಬಿ ಎಂಬ ಇಬ್ಬರು ಟಂಕಸಾಲೆ ಅಧಿಕಾರಿಗಳ ಗುರುತು. ಈ ಪುಣ್ಯಾತ್ಮ 'ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ' ಅಂತ ಬರೆದಿದ್ದ. ಆ ಟಂಕಸಾಲೆ ಶುರುವಾದದ್ದೇ 1854ರಲ್ಲಿ. ಸತ್ತ ರಾಣಿಯನ್ನು ಹಡಗು ಹತ್ತಿಸಿಯೇ ಬಿಟ್ಟಿದ್ದ.

ಇನ್ನೊಬ್ಬನ ಬಳಿ ತುರ್ಕಿಯ ಒಟ್ಟೊಮಾನ್ ಸುಲ್ತಾನರ ಕಾಲದ ನಾಣ್ಯವಿತ್ತು, ಮೇಲೆ 1327. 'ಏಳುನೂರು ವರ್ಷ ಹಳೆಯದು, ಅತಿ ಅಪರೂಪ, ಆಶ್ಚರ್ಯ ಅನ್ನಿಸುವಷ್ಟು ಒಳ್ಳೆಯ ಸ್ಥಿತಿ'. ಆಶ್ಚರ್ಯಪಡಬೇಕಾದದ್ದೇನೂ ಇರಲಿಲ್ಲ. 1327 ಹಿಜರಿ ವರ್ಷ, ಅಂದರೆ ಇಸ್ಲಾಮಿ ಪಂಚಾಂಗದ್ದು; ನಮ್ಮ ಲೆಕ್ಕದಲ್ಲಿ ಸುಲ್ತಾನ ಐದನೇ ಮೆಹ್ಮದ್ ಪಟ್ಟಕ್ಕೆ ಬಂದ 1909. ಸುಮ್ನೆ ಇರಲಾರದೆ ಬರೆದು ತಿಳಿಸಿದೆ. ಅವನು ತಿದ್ದಿದ. ಹೇಗೆ? 'ಅತಿ ಅಪರೂಪ' ಎಂಬುದರ ಮುಂದೆ ಇನ್ನೊಂದು 'ಅತಿ' ಸೇರಿಸಿದ.

ನನ್ನ ಡಾಲರ್ ವಿಷಯಕ್ಕೆ ಬರೋಣ. ಸಂಸ್ಥೆಗೆ ವಾಪಸ್ ಕಳಿಸಿದೆ. ಕಾದೆ. ಹಳೆಯ ಸ್ಲ್ಯಾಬ್ ಒಡೆಸಿಕೊಂಡು, ಹೊಸ ಸ್ಲ್ಯಾಬ್‌ನಲ್ಲಿ, ಹೊಸ ಲೇಬಲ್‌ನೊಂದಿಗೆ ಬಂತು. 1881 ಎಸ್. ಎಲ್ಲಾ ಸರಿ. ಈ ಸಲ ಮೊದಲು ಬೆನ್ನು ನೋಡಿದೆ, ಆಮೇಲೆ ಲೇಬಲ್ ಓದಿದೆ. ಹೆಮ್ಮೆಯಿಂದ ನಾಲ್ಕು ಜನ ಸಂಗ್ರಹಕಾರರಿಗೆ ಫೋಟೋ ಕಳಿಸಿದೆ, ಹಳೆಯದು ಮತ್ತು ಹೊಸದು, ಪಕ್ಕಪಕ್ಕ.

ಮೂವರು ನಕ್ಕರು. ನಾಲ್ಕನೆಯವರು ತಕ್ಷಣ ಬರೆದರು. ಅವರು ಕೂಡಿಸುವುದೇ ತಪ್ಪು ಲೇಬಲ್ ಇರುವ ಸ್ಲ್ಯಾಬ್‌ಗಳನ್ನಂತೆ. ಎಸ್ ನಾಣ್ಯಕ್ಕೆ ಸಿಸಿ ಲೇಬಲ್ ಬಿದ್ದದ್ದನ್ನು ಬಹಳ ದಿನದಿಂದ ಹುಡುಕುತ್ತಿದ್ದರಂತೆ. ಎಡಗಡೆಯದು ನನಗೇ ಕೊಡಿ, ಏನು ಕೇಳಿದರೂ ಕೊಡುತ್ತೇನೆ, ಅಂದಿದ್ದಾರೆ.

ನಾಲ್ಕು ದಿನವಾಯಿತು. ಇನ್ನೂ ಉತ್ತರ ಬರೆದಿಲ್ಲ.