ವಿಲಿಯಮಿನಾ ಫ್ಲೆಮಿಂಗ್: ಸಂಬಳದ ಮಾತನ್ನು ಬಿಟ್ಟು ಹೇಳುವ ಕಥೆ

ಸ್ಕಾಟ್ಲೆಂಡಿನ ಖಗೋಳವಿಜ್ಞಾನಿ ವಿಲಿಯಮಿನಾ ಫ್ಲೆಮಿಂಗ್ ಅವರ ಮಾತು ಬಂದಾಗಲೆಲ್ಲ ಒಂದೇ ಕಥೆ ಕೇಳಿಬರುತ್ತದೆ. ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ತಮ್ಮ ಸಹಾಯಕರ ಕೆಲಸಕ್ಕೆ ಬೇಸತ್ತು, ಇದಕ್ಕಿಂತ ನಮ್ಮ ಮನೆಗೆಲಸದವಳೇ ಮೇಲು ಎಂದರಂತೆ. ಆ ಮನೆಗೆಲಸದವಳಾಗಿದ್ದ ಫ್ಲೆಮಿಂಗ್ ಆ ಕೆಲಸವನ್ನು ಮಾಡಿಯೂ ತೋರಿಸಿದರಂತೆ. ಈ ಕಥೆ ನನಗೆ ಹಿಡಿಸುವುದಿಲ್ಲ. 1857ರಲ್ಲಿ ಡಂಡೀ ನಗರದಲ್ಲಿ ಹುಟ್ಟಿದ ಆಕೆ ಹದಿನಾಲ್ಕನೆಯ ವಯಸ್ಸಿಗೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಅಮೆರಿಕಕ್ಕೆ ಹೋದ ಮೇಲೆ ಗರ್ಭಿಣಿಯಾಗಿದ್ದಾಗ ಗಂಡ ಕೈಬಿಟ್ಟದ್ದರಿಂದ ಪಿಕರಿಂಗ್ ಅವರ ಮನೆಗೆಲಸಕ್ಕೆ ಸೇರಿದವರು. ಪವಾಡವೇನೂ ನಡೆಯಲಿಲ್ಲ, ಓದುಬರಹ ಬಲ್ಲ ಹೆಂಗಸಿಗೆ ತಕ್ಕ ಕೆಲಸ ತಡವಾಗಿ ಸಿಕ್ಕಿತು, ಅಷ್ಟೆ.

ಆ ಕೆಲಸವಾದರೂ ಸುಲಭದ್ದಲ್ಲ. ದೂರದರ್ಶಕದ ಮುಂದೆ ಪಟ್ಟಕವನ್ನಿಟ್ಟು ತೆಗೆದ ಗಾಜಿನ ಫಲಕಗಳಲ್ಲಿ ಪ್ರತಿಯೊಂದು ನಕ್ಷತ್ರದ ಬೆಳಕೂ ಒಂದು ಪುಟ್ಟ ಪಟ್ಟಿಯಾಗಿ ಹರಡಿಕೊಂಡಿರುತ್ತಿತ್ತು. ಭೂತಗನ್ನಡಿ ಹಿಡಿದು, ಆ ಪಟ್ಟಿಯ ಗೆರೆಗಳಲ್ಲಿ ಜಲಜನಕದ್ದು ಎಷ್ಟು ಗಾಢವಾಗಿದೆಯೆಂದು ನೋಡಿ, ನಕ್ಷತ್ರಕ್ಕೊಂದು ಅಕ್ಷರದ ವರ್ಗ ಕೊಡಬೇಕಿತ್ತು. 1890ರಲ್ಲಿ ಪ್ರಕಟವಾದ, ಹತ್ತು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿಯಲ್ಲಿ ಬಹುಪಾಲು ಆಕೆಯದೇ ದುಡಿಮೆ. ಮುಂದೆ ಅದೇ ವೀಕ್ಷಣಾಲಯದ ಆನೀ ಕ್ಯಾನನ್ ಆ ಅಕ್ಷರಗಳಲ್ಲಿ ಕೆಲವನ್ನು ಕೈಬಿಟ್ಟು, ಉಳಿದವುಗಳ ಕ್ರಮವನ್ನು ಬದಲಿಸಿದರು.

1888ರ ಒಂದು ಫಲಕದಲ್ಲಿ, ಓರಿಯನ್ ನಕ್ಷತ್ರಪುಂಜದ ನಡುಪಟ್ಟಿಯ ನಕ್ಷತ್ರವೊಂದರ ದಕ್ಷಿಣಕ್ಕೆ, ಅರ್ಧವೃತ್ತದಂತೆ ಒಳಸರಿದ ಕಪ್ಪು ಭಾಗವನ್ನು ಆಕೆ ಗುರುತಿಸಿದರು. ಇಂದು ಎಲ್ಲರ ಮೊಬೈಲಿನಲ್ಲೂ ಓಡಾಡುವ ಕುದುರೆತಲೆ ನೀಹಾರಿಕೆಯ (ಅನಿಲ, ಧೂಳುಗಳ ಮೋಡದ) ಚಿತ್ರ ಅದರದೇ. ಆದರೆ ಖಗೋಳವಿಜ್ಞಾನಿ ಡ್ರೇಯರ್ 1895ರಲ್ಲಿ ಹೊರತಂದ ನೀಹಾರಿಕೆಗಳ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ. ಶ್ರೇಯಸ್ಸು ಪಿಕರಿಂಗ್ ಅವರಿಗೆ ಹೋಯಿತು.

ನನ್ನ ಮಟ್ಟಿಗೆ ಆಕೆಯ ಬದುಕಿನ ಮುಖ್ಯ ಪುಟ 1900ರ ದಿನಚರಿಯಲ್ಲಿದೆ. ಆಕೆ ಸಂಬಳದ ಮಾತೆತ್ತಿದರೆ, ಹೆಂಗಸರಿಗೆ ಸಿಗುವ ಸಂಬಳ ನೋಡಿದರೆ ನಿಮ್ಮದು ಉತ್ತಮವೇ ಎಂಬ ಉತ್ತರ ಸಿಗುತ್ತಿತ್ತು. ತಮಗೆ ವರ್ಷಕ್ಕೆ 1,500 ಡಾಲರ್, ಬೇರೆ ಕೆಲವು ಸಹಾಯಕರಿಗೆ 2,500; ಗಂಡಸರಂತೆ ತಮಗೂ ನಡೆಸಬೇಕಾದ ಮನೆ, ಸಾಕಬೇಕಾದ ಸಂಸಾರ ಇದೆಯೆಂಬುದು ಇವರಿಗೆ ಹೊಳೆಯುವುದೇ ಇಲ್ಲವೇ ಎಂದು ಆಕೆ ಕೇಳುತ್ತಾರೆ. ಮಗ ಆಗ ಎಂಐಟಿಯಲ್ಲಿ ಓದುತ್ತಿದ್ದ. ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡ ಪಿಕರಿಂಗ್ ಅವರ ಉದಾರತೆಯನ್ನು ಹೊಗಳುವವರು ಈ ಲೆಕ್ಕವನ್ನೂ ಜೊತೆಗೇ ಹೇಳಬೇಕು. ಹೆಂಗಸರು ಅಗ್ಗಕ್ಕೆ ಸಿಗುತ್ತಿದ್ದರು ಎಂಬುದೂ ಆ ಉದಾರತೆಯ ಒಂದು ಕಾರಣವೇ.

1906ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಆಕೆಗೆ ಗೌರವ ಸದಸ್ಯತ್ವ ನೀಡಿತು. ಆ ಸಂಸ್ಥೆ ಹೆಂಗಸರನ್ನು ಪೂರ್ಣ ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1916ರಲ್ಲಿ. ಫ್ಲೆಮಿಂಗ್ 1911ರಲ್ಲೇ ತೀರಿಕೊಂಡಿದ್ದರು.